ನಮ್ಮ ಒನ್ ಟನ್ ಈಗ ನಿಲ್ಲಿಸಿದಲ್ಲಿ ನಿಲ್ಲುತ್ತದೆ

ನಮ್ಮ ಹಳೇ ಮಿಲಿಟರಿ ಟ್ರಕ್ಕು, ನಿಸ್ಸಾನ್ ಒನ್ ಟನ್, ಮತ್ತೆ ರಸ್ತೆಗೆ ಇಳಿದಿದೆ. ಮಡಿಕೇರಿ ಇಳಿಜಾರಿನಲ್ಲಿ ಇದರ ಬ್ರೇಕ್ ಕೈಕೊಟ್ಟ ಕಥೆ ಕೇಳಿ ಕೇಳಿ ನಿಮಗೆಲ್ಲ ಸಾಕಾಗಿರಬೇಕು, ಮತ್ತೆ ಶುರು ಮಾಡುವುದಿಲ್ಲ. ಅಪ್ಪ ಮಿಲಿಟರಿ ಹರಾಜಿನಲ್ಲಿ ಹಿಡಿದು ತಂದ ಗಾಡಿ. ಗುಜರಿಗೆ ಹಾಕು ಅಂದವರಿಗೂ ಥ್ಯಾಂಕ್ಸ್, ನನಗೆ ಹಠ ಬಂದಿದ್ದೇ ಅವರಿಂದ.

ಜಬಲ್ಪುರದಲ್ಲಿ ಈ ಗಾಡಿ ತಯಾರಾಗುವುದು ನಿಂತು ಎಷ್ಟೋ ಕಾಲ ಆಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನೆಲ್ಲ ಜಾಲಾಡಿ ಬ್ರೇಕಿನ ರಬ್ಬರ್ ಕಪ್ ತಂದ ತಮ್ಮ, ಬ್ರೇಕ್ ಲೈನಿಂಗ್‌ಗೆ ರಿವೆಟ್ ಹೊಡೆದುಕೊಟ್ಟವರು, ದೊಡ್ಡ ಜಾಕಿ ಕೊಟ್ಟು ವಾಪಸ್ ಕೇಳದ ಪಕ್ಕದ ತೋಟದವರು, ನಿಮಗೆಲ್ಲ ಒಟ್ಟಿಗೇ ಒಂದು ದೊಡ್ಡ ನಮಸ್ಕಾರ.

ಇನ್ನು ಹವಾಲ್ದಾರ್ ಮಾಮ. ಸೇನೆಯ ರಿಪೇರಿ ವಿಭಾಗವಾದ ಈಎಂಇಯಲ್ಲಿ ಗಾಡಿ ರಿಪೇರಿ ಮಾಡುತ್ತಲೇ ರಿಟೈರ್ ಆದವರು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಬಿಚ್ಚಿ, ಒಳಗಿದ್ದ ರಬ್ಬರ್ ಕಪ್ಪನ್ನು ಬೆರಳಲ್ಲಿ ಒತ್ತಿ ನೋಡಿದರು. ಊದಿಕೊಂಡು ಮೆತ್ತಗಾಗಿತ್ತು. ಹಿಂದೆ ಯಾರೋ ಬ್ರೇಕ್ ಆಯಿಲ್ ಬದಲು ಯಾವುದೋ ಎಣ್ಣೆ ಸುರಿದಿದ್ದಾರೆ ಅಂದರು. ಹಾಗಾದರೆ ಬ್ರೇಕಿನಲ್ಲಿರುವ ರಬ್ಬರ್ ಒಂದೂ ಉಳಿಯಬಾರದು. ಎಲ್ಲ ಬಿಚ್ಚಿದೆವು. ತೊಳೆಯೋಕೆ ನಾನು ಪೆಟ್ರೋಲ್ ಡಬ್ಬ ತಂದರೆ, ಮಾತಾಡದೆ ಅದನ್ನು ಎತ್ತಿ ಗೇಟಿನ ಹೊರಗೆ ಇಟ್ಟು ಬಂದರು; ಪೆಟ್ರೋಲ್ ಕೂಡ ಆ ರಬ್ಬರಿಗೆ ಆಗದು.

ಆ ರಾತ್ರಿ ಧೋ ಅಂತ ಮಳೆ. ಹೊಸ ರಬ್ಬರ್ ಹಾಕಿ, ಬ್ರೇಕ್ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಬಾಟಲಿಗೆ ಬಿಡುವ ಕೆಲಸ. ಮಾಮ ಹಿಂದಿನ ಎಡ ಚಕ್ರದ ಕೆಳಗೆ, ನಾನು ಪೆಡಲ್ ಮೇಲೆ. ‘ಒತ್ತು. ಹಿಡಿ. ಬಿಡು.’ ಬಾಟಲಿಯಲ್ಲಿ ಗುಳ್ಳೆ ಬರುವುದು ನಿಂತು, ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾದಾಗ ನಾನು ಕೂಗಿಯೇಬಿಟ್ಟೆ. ‘ಕಾಲು ತೆಗೀಬೇಡ’ ಅಂದರು. ಒತ್ತಿ ಹಿಡಿದೇ ಇದ್ದೆ. ಪೆಡಲ್ ಮೆಲ್ಲಗೆ, ಗೊತ್ತೇ ಆಗದಷ್ಟು ಮೆಲ್ಲಗೆ, ಕೆಳಗೆ ಇಳಿಯುತ್ತಿತ್ತು. ಹೊರಗೆ ಎಲ್ಲೂ ಒಂದು ಹನಿ ಸೋರಿಕೆ ಇಲ್ಲ. ಮತ್ತೆ ಮಾಸ್ಟರ್ ಬಿಚ್ಚಿ, ಒಳಗೆ ಟಾರ್ಚ್ ಬಿಟ್ಟರು. ಸಿಲಿಂಡರ್ ಗೋಡೆಯಲ್ಲಿ ತುಕ್ಕು ತಿಂದ ಸಣ್ಣ ಗುಳಿ. ಹೊಸ ಕಪ್ ಹಾಕಿದರೂ ಆಯಿಲ್ ಅಲ್ಲಿಂದಲೇ ನುಸುಳುತ್ತಿತ್ತು.

ನಂಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಗುಳಿ ನೋಡಿ ಅಲ್ಲ. ಕಾಫಿ ಕೊಯ್ಯುವವರು ಆ ದಿನ ಇಳಿಜಾರಿಗೆ ಸ್ವಲ್ಪ ಮುಂಚೆ ಗಾಡಿಯಿಂದ ಇಳಿದಿದ್ದರು. ಇಳಿಯದೇ ಇದ್ದಿದ್ದರೆ? ಇದನ್ನು ನಾನು ಅಲ್ಲಿವರೆಗೆ ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಮಾಮ ಸಮಾಧಾನ ಮಾಡಲಿಲ್ಲ. ಲೇಹ್ ಕಡೆ ಇದ್ದಾಗ ಜೊತೆಗಿದ್ದ ಒಬ್ಬ ಡ್ರೈವರ್ ಹೆಸರು ಹೇಳಿದರು. ಅಷ್ಟೇ, ಮುಂದೆ ಏನೂ ಹೇಳಲಿಲ್ಲ. ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿ ನನಗೆ ಬಗ್ಗಿಸಿಕೊಟ್ಟು, ಸ್ಪ್ಯಾನರ್‌ಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕುತ್ತಾ ಬೆಳಗಾಗುವವರೆಗೂ ಕೂತಿದ್ದರು.

ಮೈಸೂರಿನ ಲೇತ್‌ನವರು ಸಿಲಿಂಡರ್ ಕೊರೆದು ಒಳಗೆ ಸ್ಲೀವ್, ಅಂದರೆ ಲೋಹದ ಹೊಸ ಒಳಕೊಳವೆ, ಹಾಕಿಕೊಟ್ಟರು. ಅಚ್ಚುಕಟ್ಟಾದ ಕೆಲಸ, ರೇಟು ಸ್ವಲ್ಪ ಜಾಸ್ತಿ. ಈಗ ಪೆಡಲ್ ಒತ್ತಿದಲ್ಲೇ ನಿಲ್ಲುತ್ತದೆ.

ಮಾಮ ದುಡ್ಡು ಮುಟ್ಟಲಿಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ, ನಮ್ಮ ಕೊಡಗಿನ ಮಳೆಗಾಲಕ್ಕಂತೂ ಕೇಳಲೇಬೇಡಿ. ಅದಕ್ಕೇ ಮುಂದೆ ಯಾವಾಗ ಬದಲಿಸಬೇಕು ಅಂತ ಡ್ಯಾಶ್‌ಬೋರ್ಡ್ ಮೇಲೆ ಬಿಳಿ ಪೇಂಟಿನಲ್ಲಿ ತಾರೀಕು ಬರೆದು ಹೋಗಿದ್ದಾರೆ.

ಕೊಯ್ಲಿಗೆ ಗಾಡಿ ಕೇಳಿದವರಿಗೆ: ಕೊಡ್ತೀನಿ. ಆದರೆ ಓಡಿಸೋದು ನಾನೇ, ಹಿಂದೆ ಮೂಟೆ ಮಾತ್ರ.