ವಾಪಸ್ ಹೋಗುವ ದಾರಿಯನ್ನೇ ಮುಚ್ಚಿದ ಡೊಮೇನ್ ಅಪ್‌ಗ್ರೇಡ್: ಒಂದು ದೂರು

ಗೆ,
ಸರ್ವಿಸ್ ವಿಭಾಗದ ಮುಖ್ಯಸ್ಥರು

ವಿಷಯ: ಎನ್‌ಟಿ 4.0 ಡೊಮೇನನ್ನು ಆಕ್ಟಿವ್ ಡೈರೆಕ್ಟರಿಗೆ ಅಪ್‌ಗ್ರೇಡ್ ಮಾಡುವಾಗ ಆದ ತಪ್ಪುಗಳ ಬಗ್ಗೆ

ಮಾನ್ಯರೇ,

ಕಳೆದ ಶನಿವಾರ ರಾತ್ರಿ ನಿಮ್ಮ ಇಬ್ಬರು ಎಂಜಿನಿಯರ್‌ಗಳು ಬಂದು ನಮ್ಮ ಆಫೀಸಿನ ವಿಂಡೋಸ್ ಎನ್‌ಟಿ 4.0 ಡೊಮೇನನ್ನು (ಎಲ್ಲರ ಲಾಗಿನ್ ಅಕೌಂಟುಗಳನ್ನು ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ) ವಿಂಡೋಸ್ ಸರ್ವರ್ 2003ರ ಆಕ್ಟಿವ್ ಡೈರೆಕ್ಟರಿಗೆ, ಅಂದರೆ ಅದೇ ಕೆಲಸ ಮಾಡುವ ಹೊಸ ವ್ಯವಸ್ಥೆಗೆ, ಅಪ್‌ಗ್ರೇಡ್ ಮಾಡಿದರು. ಎನ್‌ಟಿ 4.0 ಸರ್ವರ್‌ಗೆ ಮೈಕ್ರೋಸಾಫ್ಟ್ ಬೆಂಬಲ 2004ರ ಡಿಸೆಂಬರ್ 31ಕ್ಕೆ ನಿಲ್ಲುವುದಿತ್ತು. ಅಷ್ಟರೊಳಗೆ ಕೆಲಸ ಮುಗಿಯಲಿ ಎಂದೇ ನಿಮ್ಮನ್ನು ಕರೆದಿದ್ದೆವು. ಸೋಮವಾರ ಬೆಳಿಗ್ಗೆ ಅರ್ಧ ಆಫೀಸಿಗೆ ಲಾಗಿನ್ ಆಗಲಿಲ್ಲ. ಅಪ್‌ಗ್ರೇಡ್ ಅಂದ ಮೇಲೆ ಒಂದು ದಿನ ತೊಂದರೆ ಆಗುತ್ತದೆ, ಅದನ್ನು ಸಹಿಸಿಕೊಳ್ಳಬಹುದಿತ್ತು. ಆದರೆ ಕೆಟ್ಟರೆ ಹಿಂದಕ್ಕೆ ಹೋಗಲು ಎತ್ತಿಟ್ಟಿದ್ದ ಒಂದೇ ಒಂದು ಮಷೀನನ್ನು ನಿಮ್ಮವರು ಹೇಳದೆ ಕೇಳದೆ ಅಳಿಸಿಬಿಟ್ಟಿದ್ದಾರೆ. ನನಗೆ ಇದನ್ನು ಸಹಿಸಲು ಆಗುತ್ತಿಲ್ಲ.

ಮೊದಲು ಸೋಮವಾರದ ಕಥೆ ಹೇಳುತ್ತೇನೆ. ಅಕೌಂಟ್ಸ್ ವಿಭಾಗದ ಒಬ್ಬರು ಪಾಸ್‌ವರ್ಡ್ ಹೊಡೆದು ಕಾಯುತ್ತಾ ಕೂತಿದ್ದರು. ಪರದೆಯ ಮೇಲೆ ಸೆಟ್ಟಿಂಗ್ ಹಾಕುತ್ತಿದ್ದೇವೆ ಎಂಬ ಸಂದೇಶ ಹತ್ತು ನಿಮಿಷವಾದರೂ ಕದಲಲಿಲ್ಲ. ನಿಮ್ಮ ಎಂಜಿನಿಯರ್‌ಗೆ ಫೋನ್ ಮಾಡಿದರೆ, "ಒಂದ್ಸಲ ರೀಸ್ಟಾರ್ಟ್ ಮಾಡಿ, ಸರಿ ಹೋಗುತ್ತೆ" ಎಂದರು. ಮೂರು ಸಲ ಮಾಡಿದೆವು. ಆಮೇಲೆ ನಾನೇ ಆ ಮಷೀನ್ ಮುಂದೆ ಕೂತು ಐಪಿಕಾನ್ಫಿಗ್ ಹೊಡೆದು ನೆಟ್‌ವರ್ಕ್ ಸೆಟ್ಟಿಂಗ್ ನೋಡಿದೆ. ಹೆಸರು ಕೊಟ್ಟರೆ ವಿಳಾಸ ಹೇಳುವ ಡಿಎನ್‌ಎಸ್ ಸರ್ವರ್ ಅಂತ ಇದ್ದದ್ದು ನಮ್ಮ ಇಂಟರ್ನೆಟ್ ಕಂಪನಿಯ ವಿಳಾಸ. ಲಾಗಿನ್ ಸರ್ವರ್ ಎಲ್ಲಿದೆ ಎಂದು ಹೇಳುವ ನಮ್ಮ ಡೊಮೇನಿನ ಎಸ್‌ಆರ್‌ವಿ ರೆಕಾರ್ಡನ್ನು ಅಲ್ಲಿ ಹುಡುಕಿದರೆ, ಅಂಥ ಡೊಮೇನೇ ಇಲ್ಲ ಎಂಬ ಉತ್ತರ ಬಂತು. ಇರುವುದಾದರೂ ಹೇಗೆ? ನಮ್ಮ ಒಳಗಿನ ಸರ್ವರ್ ಎಲ್ಲಿದೆ ಎಂದು ಹೊರಗಿನವರಿಗೆ ಗೊತ್ತಿರುತ್ತದಾ?

ಎನ್‌ಟಿಯಲ್ಲಿ ವಿನ್ಸ್ ಮತ್ತು ನೆಟ್‌ಬಯೋಸ್ ಎಂಬ ಹಳೆಯ ಪದ್ಧತಿಯ ಹೆಸರುಗಳಿಂದ ಕೆಲಸ ನಡೆಯುತ್ತಿತ್ತು. ಆಕ್ಟಿವ್ ಡೈರೆಕ್ಟರಿ ನಿಂತಿರುವುದೇ ಡಿಎನ್‌ಎಸ್ ಮೇಲೆ. ಮಷೀನುಗಳು ಡೊಮೇನ್ ಕಂಟ್ರೋಲರನ್ನು (ಡಿಸಿ, ಅಂದರೆ ಲಾಗಿನ್ ಪರಿಶೀಲಿಸುವ ಸರ್ವರ್) ಹುಡುಕುವುದು ಅಲ್ಲಿಂದಲೇ. ಹೊಸ ಸರ್ವರ್‌ನಲ್ಲಿ ನಿಮ್ಮವರು ಡಿಎನ್‌ಎಸ್ ಹಾಕಿದ್ದಾರೆ, ನಿಜ. ಎಲ್ಲ ಮಷೀನುಗಳಿಗೆ ನೆಟ್‌ವರ್ಕ್ ಸೆಟ್ಟಿಂಗ್ ಹಂಚುವ ಡಿಎಚ್‌ಸಿಪಿಯಲ್ಲಿ ಡಿಎನ್‌ಎಸ್ ವಿಳಾಸ ಬದಲಿಸುವುದನ್ನು ಮರೆತಿದ್ದಾರೆ. ಒಂದೇ ಒಂದು ಸಾಲು. ಅದನ್ನು ನಾನು ತಿದ್ದಿದ ಮೇಲೆ ಒಂದೊಂದಾಗಿ ಮಷೀನುಗಳು ದಾರಿಗೆ ಬಂದವು.

ಇನ್ನು ಮುಖ್ಯ ವಿಷಯ. ಕೆಲಸ ಶುರುವಾಗುವ ಮುಂಚೆ ನೀವೂ ನಾವೂ ಸಹಿ ಹಾಕಿದ ಪ್ಲಾನ್ ನನ್ನ ಹತ್ತಿರ ಇದೆ. ಅದರ ಎರಡನೇ ಹೆಜ್ಜೆ ಇದು: ಬಿಡಿಸಿಯನ್ನು (ಅಕೌಂಟುಗಳ ನಕಲು ಇರುವ ಬ್ಯಾಕಪ್ ಡಿಸಿ) ಪಿಡಿಸಿ (ಎನ್‌ಟಿಯ ಮುಖ್ಯ ಡಿಸಿ) ಜೊತೆ ಪೂರ್ತಿ ಸಿಂಕ್ ಮಾಡಿ, ನೆಟ್‌ವರ್ಕ್ ಕೇಬಲ್ ಕಿತ್ತು, ಆಫ್ ಮಾಡಿ ಪಕ್ಕಕ್ಕಿಡಬೇಕು. ಪಿಡಿಸಿ ಅಪ್‌ಗ್ರೇಡ್ ಕೆಟ್ಟರೆ ಹೊಸ ಸರ್ವರನ್ನು ಆಫ್ ಮಾಡಿ, ಈ ಬಿಡಿಸಿಯನ್ನು ಪಿಡಿಸಿ ಮಾಡಿಕೊಂಡರೆ ಹಳೆಯ ಡೊಮೇನ್ ಎಲ್ಲ ಅಕೌಂಟುಗಳ ಸಮೇತ ಎದ್ದು ನಿಲ್ಲುತ್ತದೆ. ಎನ್‌ಟಿ ಡೊಮೇನ್ ನೋಡಿಕೊಂಡ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಶನಿವಾರ ಸಂಜೆ ಕೇಬಲ್ ಕಿತ್ತವನು ನಾನೇ. "ಆನ್ ಮಾಡಬೇಡಿ" ಎಂದು ಕೆಂಪು ಮಾರ್ಕರಿನಲ್ಲಿ ಬರೆದು ಪವರ್ ಬಟನ್ ಮೇಲೆ ಅಂಟಿಸಿದ್ದೆ.

ಸೋಮವಾರ ಮಧ್ಯಾಹ್ನ, ಡಿಎನ್‌ಎಸ್ ತಪ್ಪು ಸಿಗುವ ಮುಂಚೆ, ಹಿಂದಕ್ಕೆ ಹೋಗೋಣ ಎಂದು ಸರ್ವರ್ ರೂಮಿಗೆ ಹೋದೆ. ಚೀಟಿ ನೆಲದ ಮೇಲೆ ಬಿದ್ದಿತ್ತು. ಮಷೀನ್ ಓಡುತ್ತಿತ್ತು, ಅದರಲ್ಲೂ ಸರ್ವರ್ 2003 ಇತ್ತು. ಕೇಳಿದ್ದಕ್ಕೆ ನಿಮ್ಮವರು, "ಸುಮ್ನೆ ಇತ್ತಲ್ವಾ ಸಾರ್, ಎರಡನೇ ಡಿಸಿ ಮಾಡಿಬಿಟ್ವಿ" ಎಂದರು. ಆ ಮಾತು ಕೇಳಿ ನನ್ನ ಕೈಕಾಲು ತಣ್ಣಗಾದವು. ಡಿಎನ್‌ಎಸ್ ಬದಲು ಡೈರೆಕ್ಟರಿಯ ಡೇಟಾಬೇಸೇ ಕೆಟ್ಟಿದ್ದರೆ? ಪ್ರತಿಯೊಬ್ಬರ ಅಕೌಂಟ್, ಪ್ರತಿ ಫೋಲ್ಡರಿನ ಪರ್ಮಿಷನ್ ಕೈಯಿಂದ ಮತ್ತೆ ಕಟ್ಟಬೇಕಿತ್ತು. ಎರಡನೇ ಡಿಸಿ ಬೇಕು ಅಂತ ನಾನೂ ಒಪ್ಪುತ್ತೇನೆ. ಎರಡು ವಾರ ಕಾಯಬಹುದಿತ್ತು.

ಇನ್ನೊಂದು ಮಾತು. ವಿಂಡೋಸ್ 2000 ಮತ್ತು ಎಕ್ಸ್‌ಪಿ ಮಷೀನುಗಳು ಒಮ್ಮೆ ಆಕ್ಟಿವ್ ಡೈರೆಕ್ಟರಿಯ ಡಿಸಿಯನ್ನು ಕಂಡರೆ ಆಮೇಲೆ ಎನ್‌ಟಿ ಬಿಡಿಸಿಯ ಕಡೆ ತಿರುಗುವುದಿಲ್ಲ. ಸರ್ವರನ್ನು ಡಿಸಿ ಮಾಡುವ ಡಿಸಿಪ್ರೊಮೋ ಪ್ರೋಗ್ರಾಂ ಓಡಿಸುವ ಮುಂಚೆ, ಹೊಸ ಡಿಸಿಯನ್ನು ಎನ್‌ಟಿ ಡಿಸಿಯಂತೆ ತೋರಿಸುವ ಎನ್‌ಟಿ4ಎಮ್ಯುಲೇಟರ್ ಎಂಬ ರಿಜಿಸ್ಟ್ರಿ ಸೆಟ್ಟಿಂಗ್ ಹಾಕಿದ್ದರೆ ಇದನ್ನು ತಡೆಯಬಹುದಿತ್ತು. ಅದೂ ಪ್ಲಾನಿನಲ್ಲಿತ್ತು, ಅದನ್ನೂ ಹಾಕಿಲ್ಲ. ಅಂದರೆ ಬಿಡಿಸಿ ಉಳಿದಿದ್ದರೂ ಆ ಮಷೀನುಗಳನ್ನೆಲ್ಲ ಒಂದೊಂದಾಗಿ ಮತ್ತೆ ಡೊಮೇನಿಗೆ ಸೇರಿಸಬೇಕಿತ್ತು.

ನನಗೆ ಬೇಕಾಗಿರುವುದು ಇಷ್ಟು. ಅಪ್‌ಗ್ರೇಡ್‌ಗೆ ಮುಂಚೆ ಪಿಡಿಸಿಯ ಬ್ಯಾಕಪ್ ಟೇಪ್ ತೆಗೆದಿದ್ದೇವೆ ಎನ್ನುತ್ತೀರಿ. ಅದನ್ನು ಬೇರೆ ಮಷೀನಿನಲ್ಲಿ, ನನ್ನ ಎದುರಿಗೆ, ರಿಸ್ಟೋರ್ ಮಾಡಿ ತೋರಿಸಿ. ಎರಡೂ ಡಿಸಿಗಳ ಸಿಸ್ಟಮ್ ಸ್ಟೇಟ್ (ಡೈರೆಕ್ಟರಿ, ರಿಜಿಸ್ಟ್ರಿ ಎಲ್ಲ ಸೇರಿದ) ಬ್ಯಾಕಪ್ ಈ ವಾರವೇ ಆಗಬೇಕು. ಯಾವ ಆವೃತ್ತಿಯ ಡಿಸಿಗಳು ಇರಬಹುದು ಎಂದು ತೀರ್ಮಾನಿಸುವ ಫಂಕ್ಷನಲ್ ಲೆವೆಲನ್ನು ಸರ್ವರ್ 2003ರಲ್ಲಿ ಏರಿಸಿದರೆ ಇಳಿಸಲು ಬರುವುದಿಲ್ಲ, ಹಾಗಾಗಿ ನಾನು ಸಹಿ ಹಾಕದೆ ಅದನ್ನು ಯಾರೂ ಮುಟ್ಟಬಾರದು. ಶನಿವಾರ ರಾತ್ರಿ ಪ್ಲಾನ್ ಬಿಟ್ಟು ಏನೇನು ಮಾಡಿದಿರಿ, ಯಾರು ನಿರ್ಧರಿಸಿದರು ಎಂಬುದನ್ನು ಬರೆದು ಕೊಡಿ. ಫೋನಿನಲ್ಲಿ ಹೇಳಿದರೆ ಆಗುವುದಿಲ್ಲ. ಇವೆಲ್ಲ ಕೈಗೆ ಬರುವವರೆಗೆ ಕೆಲಸ ಮುಗಿದಿದೆ ಎಂಬ ನಿಮ್ಮ ಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ, ಕೊನೆಯ ಕಂತನ್ನೂ ಬಿಡುಗಡೆ ಮಾಡಿಸುವುದಿಲ್ಲ.

ಸಹಿ ಹಾಕಿದ ಪ್ಲಾನಿನ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ.

ಇತಿ,
ಸಿಸ್ಟಮ್ ಅಡ್ಮಿನಿಸ್ಟ್ರೇಟರ್