ಏಳನೆಯ ತರಗತಿಯ ಪೋಷಕರಿಗೆ: ಶನಿವಾರದ ಚಿತ್ರ ಮತ್ತು ಅಂಗನವಾಡಿಗೆ ಕೊಡುವ ಆಟಿಕೆಗಳ ವಿಷಯ

ಮಾನ್ಯ ಪೋಷಕರೇ,

ಸಪ್ರೇಮ ನಮಸ್ಕಾರಗಳು.

ಕಳೆದ ಸಂಭ್ರಮ ಶನಿವಾರದಂದು, ಅಂದರೆ ಮಕ್ಕಳು ಬ್ಯಾಗಿಲ್ಲದೆ ಬರುವ ದಿನದಂದು, ಏಳನೆಯ ತರಗತಿಯ ಮಕ್ಕಳಿಗೆ ‘ಟಾಯ್ ಸ್ಟೋರಿ 3’ ಎಂಬ ಅನಿಮೇಷನ್ ಚಿತ್ರವನ್ನು ತೋರಿಸಿ, ಅದರ ಮುಂದಿನ ವಾರ ಮಕ್ಕಳು ತಮ್ಮ ಒಂದೊಂದು ಆಟಿಕೆಯನ್ನು ಹತ್ತಿರದ ಅಂಗನವಾಡಿಗೆ ಕೊಟ್ಟುಬರುವ ಕಾರ್ಯಕ್ರಮವನ್ನು ಆರಂಭಿಸಿದ್ದು ತಮಗೆ ತಿಳಿದೇ ಇದೆ. ಮೊದಲ ತಂಡದ ಮಕ್ಕಳು ಹೋಗಿಬಂದ ಮೇಲೆ ಕೆಲವು ಪೋಷಕರು ಶಾಲೆಗೆ ಬಂದು, ಕೆಲವರು ಫೋನ್ ಮಾಡಿ, ಇನ್ನು ಕೆಲವರು ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಬರೆದು ಆಕ್ಷೇಪ ಎತ್ತಿದ್ದಾರೆ. ಗುಂಪಿನಲ್ಲಿ ಒಬ್ಬೊಬ್ಬರಿಗೆ ಉತ್ತರಿಸುತ್ತ ಹೋದರೆ ಮಾತಿಗೆ ಮಾತು ಬೆಳೆಯುತ್ತದೆಯೇ ಹೊರತು ವಿಷಯ ತಿಳಿಯಾಗುವುದಿಲ್ಲವಾದ್ದರಿಂದ, ಎಲ್ಲರಿಗೂ ಸೇರಿ ಈ ಪತ್ರ ಬರೆಯುತ್ತಿದ್ದೇನೆ.

ಪರೀಕ್ಷೆ ಹತ್ತಿರವಿರುವಾಗ ಸಿನಿಮಾ ಏಕೆ, ಅದರಲ್ಲೂ ಇಂಗ್ಲಿಷ್ ಸಿನಿಮಾ ಏಕೆ ಎಂಬ ಪ್ರಶ್ನೆಗಳಿಗೆ ಚಿಕ್ಕ ಉತ್ತರ ಸಾಕು. ಚಿತ್ರದ ಅವಧಿ 103 ನಿಮಿಷ. ಬ್ಯಾಗಿಲ್ಲದ ದಿನವಾಗಿದ್ದರಿಂದ ಯಾವ ಪಾಠವೂ ತಪ್ಪಿಲ್ಲ. ಮಾತು ಅರ್ಥವಾಗದ ಕಡೆ ತರಗತಿಯ ಶಿಕ್ಷಕಿ ಚಿತ್ರವನ್ನು ನಿಲ್ಲಿಸಿ ಕನ್ನಡದಲ್ಲಿ ಹೇಳಿದ್ದಾರೆ.

ಮಕ್ಕಳು ಅತ್ತರು, ಒಬ್ಬ ಹುಡುಗ ರಾತ್ರಿ ಊಟ ಬಿಟ್ಟ ಎಂಬ ಆಕ್ಷೇಪವನ್ನು ಮಾತ್ರ ಹಾಗೆ ದಾಟಿ ಹೋಗಲಾರೆ. ಚಿತ್ರದ ಕೊನೆಯ ಭಾಗದಲ್ಲಿ ಆಟಿಕೆಗಳೆಲ್ಲ ಕಸ ಸುಡುವ ಕುಲುಮೆಯ ಕಡೆಗೆ ಜಾರುತ್ತ, ಇನ್ನು ದಾರಿಯಿಲ್ಲವೆಂದು ತಿಳಿದಾಗ ಒಂದರ ಕೈಯನ್ನೊಂದು ಹಿಡಿದುಕೊಳ್ಳುತ್ತವೆ. ಆ ದೃಶ್ಯ ಭಯ ಹುಟ್ಟಿಸುತ್ತದೆ ಎಂಬುದು ನಿಜ. ಅದನ್ನು ಓಡಿಸಿ ಮುಂದೆ ಹೋಗಬಹುದಿತ್ತಲ್ಲ ಎಂದು ಒಬ್ಬರು ಕೇಳಿದರು. ಹಾಗೆ ಮಾಡಿದ್ದರೆ ಅವು ಪಾರಾಗಿ ಬಂದದ್ದಕ್ಕೆ ಮಕ್ಕಳು ಚಪ್ಪಾಳೆ ತಟ್ಟುತ್ತಿರಲಿಲ್ಲ. ಅಮೆರಿಕದಲ್ಲಿ ಈ ಚಿತ್ರಕ್ಕೆ ದೊರೆತಿರುವುದು ಎಲ್ಲ ವಯಸ್ಸಿನವರೂ ನೋಡಬಹುದಾದ ‘ಜಿ’ ಪ್ರಮಾಣಪತ್ರ. ಹಾಗಿದ್ದರೂ ತಮ್ಮ ಮಗುವಿನ ಸ್ವಭಾವ ತಮಗೇ ಚೆನ್ನಾಗಿ ಗೊತ್ತು. ಇದೇ ಚಿತ್ರವನ್ನು ಇನ್ನೊಂದು ವಿಭಾಗಕ್ಕೆ ತೋರಿಸುವಾಗ, ಬೇಡವೆಂದು ಮೊದಲೇ ತಿಳಿಸಿದ ಪೋಷಕರ ಮಕ್ಕಳನ್ನು ಗ್ರಂಥಾಲಯದಲ್ಲಿ ಕೂರಿಸಲಾಗುವುದು. ಯಾರೂ ಅವರನ್ನು ಅಂಜುಬುರುಕರೆಂದು ಆಡಿಕೊಳ್ಳದಂತೆ ನಾನೇ ನೋಡಿಕೊಳ್ಳುತ್ತೇನೆ.

ಈಗ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಆ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ವಿದ್ಯಾರ್ಥಿನಿಯೊಬ್ಬಳು ಅಂಗನವಾಡಿಗೆ ಕೊಟ್ಟದ್ದು ಗೋಕಾಕದ ಬಣ್ಣದ ಕಟ್ಟಿಗೆ ಗೊಂಬೆ. ಆಲಮಟ್ಟಿ ಹಿನ್ನೀರಿನಿಂದ ಹಳೆ ಬಾಗಲಕೋಟೆಯ ಮನೆ ಮುಳುಗಡೆಯಾದಾಗ ಅವಳ ಅಜ್ಜಿ ಸೀರೆಯಲ್ಲಿ ಸುತ್ತಿ ನವನಗರಕ್ಕೆ ತಂದ ಕೆಲವೇ ವಸ್ತುಗಳಲ್ಲಿ ಅದೂ ಒಂದು. ಅಜ್ಜಿ ಅದನ್ನು ಮೊಮ್ಮಗಳ ಕೈಗೆ ಆಡಲು ಕೊಟ್ಟಿದ್ದರು. ಮೊಮ್ಮಗಳು ಅದನ್ನು ಮನೆಯಲ್ಲಿ ಯಾರಿಗೂ ಹೇಳದೆ ಕೊಟ್ಟುಬಂದಳು. ಮರುದಿನ ಅವಳ ತಂದೆ ಬಂದು, “ಅಕ್ಕೋರ, ಹುಡುಗರಿಗೆ ಏನ್ ತಿಳಿತೈತ್ರಿ? ಕೊಡು ಅಂದ್ರ ಮನಿನೂ ಕೊಟ್ಟ ಬರ್ತಾವ” ಎಂದರು. ಹುಡುಗಿಯನ್ನು ಕರೆದು ಕೇಳಿದಾಗ ಅವಳು ಹೇಳಿದ್ದು, “ಛಲೋ ಇದ್ದದ್ದನ್ನ ಕೊಡಬೇಕಲ್ರಿ ಟೀಚರ್” ಎಂದು. ಇಬ್ಬರ ಮಾತೂ ಸರಿಯಾಗಿಯೇ ಇದ್ದುದರಿಂದ ನಾನು ಆಗ ಹೆಚ್ಚು ಮಾತನಾಡಲಿಲ್ಲ. ಅಂಗನವಾಡಿ ಕಾರ್ಯಕರ್ತೆಯವರು ಗೊಂಬೆಯನ್ನು ಜೋಪಾನವಾಗಿ ಎತ್ತಿಟ್ಟಿದ್ದರು. ಈಗ ಅದು ನಮ್ಮ ಕಚೇರಿಯ ಕಪಾಟಿನಲ್ಲಿದೆ.

ಇದಾದ ಮೇಲೆ ಹಲವು ಪೋಷಕರು ಒಂದೇ ಸಲಹೆ ಕೊಟ್ಟಿದ್ದಾರೆ: ಏನು ಕೊಡಬೇಕೆಂಬುದನ್ನು ಮನೆಯ ಹಿರಿಯರೇ ಆರಿಸಿ, ಚೀಲದಲ್ಲಿ ಹಾಕಿ ಕಳುಹಿಸಲಿ, ಮಗು ಒಯ್ದು ಒಪ್ಪಿಸಿ ಬರಲಿ. ಸಲಹೆ ಕಾಳಜಿಯಿಂದ ಬಂದಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದನ್ನು ಒಪ್ಪಲಾರೆ, ಮತ್ತು ಏಕೆ ಒಪ್ಪಲಾರೆನೆಂಬುದನ್ನು ತಾವು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಸ್ವಲ್ಪ ಹೇಳಬೇಕಾಗುತ್ತದೆ. ಪಿಕ್ಸಾರ್ ಸಂಸ್ಥೆಯ ಈ ಸರಣಿಯ ಮೊದಲ ಚಿತ್ರ ಬಂದದ್ದು 1995ರಲ್ಲಿ, ಎರಡನೆಯದು 1999ರಲ್ಲಿ, ಲೀ ಅನ್ಕ್ರಿಚ್ ನಿರ್ದೇಶಿಸಿದ ಮೂರನೆಯದು 2010ರಲ್ಲಿ. ಮೊದಲ ಚಿತ್ರದಲ್ಲಿ ಗೊಂಬೆಗಳೊಡನೆ ಆಡುತ್ತಿದ್ದ ಆ್ಯಂಡಿ ಎಂಬ ಪುಟ್ಟ ಹುಡುಗನಿಗೆ ಇಲ್ಲಿ 17 ವರ್ಷ; ಕಾಲೇಜಿಗೆಂದು ಮನೆ ಬಿಡುವ ಸಿದ್ಧತೆಯಲ್ಲಿದ್ದಾನೆ. ಮೂರೂ ಚಿತ್ರಗಳಲ್ಲಿ ಆ್ಯಂಡಿಗೆ ಧ್ವನಿ ಕೊಟ್ಟವರು ಜಾನ್ ಮಾರಿಸ್ ಒಬ್ಬರೇ ಎಂದು ಹೇಳಿದಾಗ ನಮ್ಮ ಮಕ್ಕಳು, ಅಂದರೆ ಅವರೂ ಜೊತೆಗೇ ದೊಡ್ಡವರಾದರು ಎಂದು ಖುಷಿಪಟ್ಟರು. ಇದಕ್ಕೆ ಆಸ್ಕರ್ ಬಂದಿದೆ ಎಂಬ ಕಾರಣಕ್ಕೆ ನಾವಿದನ್ನು ಆರಿಸಲಿಲ್ಲ. ಮುಂದಿನ ಜೂನ್ ಹೊತ್ತಿಗೆ ನಮ್ಮ ಶಾಲೆ ಬಿಟ್ಟು ಹೈಸ್ಕೂಲು ಸೇರಲಿರುವ ಮಕ್ಕಳಿಗೆ, ಒಂದು ಜಾಗವನ್ನು ಬಿಟ್ಟು ಹೋಗುವಾಗ ಯಾವುದನ್ನು ಒಯ್ಯಬೇಕು, ಯಾವುದನ್ನು ಕೊಟ್ಟು ಹೋಗಬೇಕು ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳುವ ಇನ್ನೊಂದು ಚಿತ್ರ ನಮಗೆ ಸಿಗಲಿಲ್ಲ.

ಕೋಣೆ ಖಾಲಿ ಮಾಡು ಎಂದು ತಾಯಿ ಹೇಳಿದಾಗ ಆ್ಯಂಡಿ, ವುಡಿ ಎಂಬ ಗೊಂಬೆಯನ್ನು ಕಾಲೇಜಿಗೆ ಒಯ್ಯಲು ತೆಗೆದಿಟ್ಟು, ಉಳಿದವನ್ನು ಅಟ್ಟಕ್ಕೆ ಹಾಕಲೆಂದು ಒಂದು ಕಪ್ಪು ಚೀಲದಲ್ಲಿ ತುಂಬುತ್ತಾನೆ. ಚೀಲ ಕಸದ್ದೆಂದು ತಿಳಿದ ತಾಯಿ ಅದನ್ನು ರಸ್ತೆ ಬದಿಗೆ ಇಟ್ಟುಬರುತ್ತಾಳೆ. ಮುಂದಿನ ತಾಪತ್ರಯಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಮಗ ಏನು ಮಾಡಬೇಕೆಂದಿದ್ದನೋ ತಾಯಿಗೆ ಗೊತ್ತಿರಲಿಲ್ಲ, ತಾಯಿ ಏನು ಮಾಡಿದಳೋ ಮಗನಿಗೆ ಗೊತ್ತಿರಲಿಲ್ಲ. ಮಕ್ಕಳ ಮೇಲೆ ಬಿಟ್ಟರೆ ಹೀಗೇ ಆಗುತ್ತದೆ ಎನ್ನುವ ಪೋಷಕರು ಈ ದೃಶ್ಯವನ್ನು ತಮ್ಮ ಪರವಾಗಿ ಎತ್ತಿ ತೋರಿಸಬಹುದು, ಆದರೆ ಇಲ್ಲಿ ಎಡವಿದವರು ಹಿರಿಯರು ಎಂಬುದನ್ನೂ ಅವರು ಒಪ್ಪಬೇಕಾಗುತ್ತದೆ.

ಚಿತ್ರದ ಕೊನೆಗೆ ಅದೇ ತಾಯಿಗೆ ಇನ್ನೊಂದು ಅವಕಾಶ ಬರುತ್ತದೆ. ಈ ಆಟಿಕೆಗಳನ್ನು ಕೊಟ್ಟುಬಿಡಬೇಕೆಂದು ನಿನಗೂ ಅನಿಸುತ್ತದೆಯೇ ಎಂದು ಮಗ ಕೇಳಿದಾಗ ಅವಳು, ಅದು ನಿನಗೆ ಬಿಟ್ಟದ್ದು ಎನ್ನುತ್ತಾಳೆ, ಅಷ್ಟೇ. ಮಗನ ಖಾಲಿ ಕೋಣೆಯನ್ನು ಕಂಡು ಅವಳಿಗೆ ಅಳು ಬಂದಿರುತ್ತದೆ. ಆದರೂ ನಿರ್ಧಾರವನ್ನು ತನ್ನ ಕೈಗೆ ತೆಗೆದುಕೊಳ್ಳುವುದಿಲ್ಲ. ಆ್ಯಂಡಿ ಪೆಟ್ಟಿಗೆಯನ್ನು ಬಾನಿ ಎಂಬ ಪುಟ್ಟ ಹುಡುಗಿಯ ಮನೆಗೆ ಒಯ್ದು, ಒಂದೊಂದು ಗೊಂಬೆಯ ಹೆಸರನ್ನೂ ಗುಣವನ್ನೂ ಹೇಳಿ ಅವಳ ಕೈಗೆ ಕೊಡುತ್ತಾನೆ. ಪೆಟ್ಟಿಗೆಯ ತಳದಲ್ಲಿದ್ದ ವುಡಿಯನ್ನು ಅವಳು ಕೇಳಿದಾಗ ಅವನು ಥಟ್ಟನೆ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಆಮೇಲೆ ಕೊಡುತ್ತಾನೆ. ಕೊಟ್ಟ ಮೇಲೆ ಅವಳ ಜೊತೆ ಅಂಗಳದಲ್ಲಿ ಕುಳಿತು ಒಂದಿಷ್ಟು ಹೊತ್ತು ಆಡಿಯೇ ಹೊರಡುತ್ತಾನೆ. ಹಿಂದಕ್ಕೆ ಎಳೆದುಕೊಂಡ ಆ ಗಳಿಗೆಯ ಬಗ್ಗೆ ನಮ್ಮ ತರಗತಿಯಲ್ಲಿ ಬಹಳ ಹೊತ್ತು ಚರ್ಚೆ ನಡೆಯಿತು. ತಾಯಿಯೇ ಆರಿಸಿ ಕಳುಹಿಸಿದ್ದರೆ ಆ ಗಳಿಗೆ ಬರುತ್ತಲೇ ಇರಲಿಲ್ಲ ಎಂದು ಹೇಳಿದ್ದು ಶಿಕ್ಷಕಿಯಲ್ಲ, ಒಬ್ಬ ಹುಡುಗ.

ಆ್ಯಂಡಿಗೆ 17, ನಮ್ಮವರಿಗೆ 12 ಎಂದು ತಾವು ಹೇಳಬಹುದು, ಹೇಳಿಯೂ ಇದ್ದೀರಿ. ಅದಕ್ಕಾಗಿಯೇ ನಾವು ಮಕ್ಕಳಿಂದ ಕೇಳಿದ್ದು ಒಂದೇ ಒಂದು ಆಟಿಕೆ. ನಮ್ಮ ಕಡೆಯ ಮಕ್ಕಳು ಮಣ್ಣೆತ್ತಿನ ಅಮಾವಾಸ್ಯೆಗೆ ತಾವೇ ಮಾಡಿದ ಎತ್ತುಗಳನ್ನು, ಆಷಾಢದ ಮಂಗಳವಾರಗಳಲ್ಲಿ ಪೂಜಿಸಿದ ಮಣ್ಣಿನ ಗುಳ್ಳವ್ವನನ್ನು ಬಿಟ್ಟುಕೊಡುವುದನ್ನು ಚಿಕ್ಕಂದಿನಿಂದಲೇ ಬಲ್ಲರು. ಆದರೆ ಅಲ್ಲಿ ಬಿಡಬೇಕೆಂದು ಹೇಳುವುದು ಹಬ್ಬ, ಎಲ್ಲರೂ ಬಿಡುತ್ತಾರೆಂದು ಮಗುವೂ ಬಿಡುತ್ತದೆ. ಯಾವುದನ್ನು, ಯಾರಿಗೆ ಎಂದು ತಾನೇ ಯೋಚಿಸಿ, ಬೇಡವೆನಿಸಿದರೆ ಬೇಡ ಎನ್ನುವುದು ಬೇರೆಯೇ ಅಭ್ಯಾಸ. ಅದಕ್ಕೆ ಅವಕಾಶ ಕೊಡದೆ, ಹೈಸ್ಕೂಲಿಗೆ ಬಂದರೂ ಇವನಿಗೆ ಏನೂ ತೋಚುವುದಿಲ್ಲ ಎಂದು ಆಮೇಲೆ ದೂರುವುದರಲ್ಲಿ ಅರ್ಥವಿಲ್ಲ.

ಬಿಟ್ಟುಬಿಡುವುದಕ್ಕೂ ಕೊಡುವುದಕ್ಕೂ ಇರುವ ಅಂತರವನ್ನು ಮಕ್ಕಳು ಚಿತ್ರದಿಂದಲೇ ಹಿಡಿದರು. ಲಾಟ್ಸೋ ಎಂಬ ಕರಡಿಯನ್ನು ಅದರ ಒಡತಿ ಎಲ್ಲೋ ಮರೆತು ಹೋಗಿರುತ್ತಾಳೆ. ಅದು ಕಷ್ಟಪಟ್ಟು ಮನೆಗೆ ಮರಳಿದಾಗ ಅಲ್ಲಿ ಅದರಂತಹುದೇ ಹೊಸ ಕರಡಿ ಕಾಣುತ್ತದೆ, ಅಲ್ಲಿಂದ ಅದು ಕ್ರೂರಿಯಾಗುತ್ತದೆ. ಇದನ್ನು ನೋಡಿದ ಮಕ್ಕಳು, ಆಟಿಕೆಯನ್ನು ಒಂದು ಡಬ್ಬಿಗೆ ಹಾಕಿ ಕಳುಹಿಸುವುದು ಬೇಡ, ನಾವೇ ಹೋಗಿ ಚಿಕ್ಕವರಿಗೆ ಆಡಲು ಕಲಿಸಿ ಬರುತ್ತೇವೆ ಎಂದರು. ಇಲ್ಲೊಂದು ಮಾತನ್ನು ಹೇಳದೆ ಇರಲಾರೆ. ಒಂದೆರಡು ಮನೆಗಳಿಂದ ಚಕ್ರವಿಲ್ಲದ ಕಾರು, ಕಣ್ಣು ಕಿತ್ತ ಗೊಂಬೆಗಳು ಚೀಲ ತುಂಬ ಬಂದಿದ್ದವು. ದಯವಿಟ್ಟು ಹಾಗೆ ಮಾಡಬೇಡಿ.

ವಯಸ್ಸಿಗೆ ತಕ್ಕ ಆಟಿಕೆಯ ವಿಷಯದಲ್ಲಿ ನಿಯಮ ಇನ್ನು ಬಿಗಿಯಾಗಲಿದೆ. ಚಿತ್ರದ ಶಿಶುಪಾಲನಾ ಕೇಂದ್ರದಲ್ಲಿ ಆ್ಯಂಡಿಯ ಆಟಿಕೆಗಳು ತೀರ ಎಳೆಯ ಮಕ್ಕಳ ಕೋಣೆಗೆ ಬಂದು, ಆ ಮಕ್ಕಳ ಬಡಿತಕ್ಕೆ ಸಿಕ್ಕಿ ನಲುಗುತ್ತವೆ. ನಮ್ಮಲ್ಲಿ ಆಟಿಕೆಗಿಂತ ಮಗುವಿನ ಚಿಂತೆ ದೊಡ್ಡದು. ಅಂಗನವಾಡಿಯಲ್ಲಿ ಕಲಿಯುವ ಮಕ್ಕಳು 3ರಿಂದ 6 ವರ್ಷದವರು. ಬಾಯಿಗೆ ಹೋಗುವಷ್ಟು ಸಣ್ಣ ಭಾಗಗಳಿರುವ, ಬಟನ್ ಬ್ಯಾಟರಿ ಇರುವ, ಚೂಪಾದ ಅಂಚಿರುವ ಆಟಿಕೆಗಳನ್ನು ತರಗತಿಯ ಶಿಕ್ಷಕಿ ನೋಡಿ ಹಿಂದಿರುಗಿಸುತ್ತಾರೆ.

ಇನ್ನು ಗೋಕಾಕದ ಗೊಂಬೆಯಂತಹ ವಸ್ತುಗಳ ಪ್ರಶ್ನೆ. ಮನೆಗೆ ಸೇರಿದ್ದು ಮತ್ತು ಮಗುವಿಗೆ ಸೇರಿದ್ದು ಎಂಬ ಭೇದವನ್ನು ಶಾಲೆ ಮಾಡಲಾರದು, ಮಾಡಲೂಬಾರದು. ಮೊಮ್ಮಗಳ ಕೈಗೆ ಬಂದ ದಿನ ಅದು ಯಾರದಾಯಿತು ಎಂಬುದನ್ನು ಅಜ್ಜಿ ಮತ್ತು ಮೊಮ್ಮಗಳೇ ಮಾತನಾಡಿಕೊಳ್ಳಬೇಕು. ಈ ಊರಿನಲ್ಲಿ ಮನೆ, ಓಣಿ, ಗುಡಿಗಳನ್ನೇ ನೀರಿಗೆ ಬಿಟ್ಟುಬಂದ ಹಿರಿಯರು ಪ್ರತಿ ಸೆಕ್ಟರಿನಲ್ಲೂ ಇದ್ದಾರೆ; ಉಳಿಸಿಕೊಂಡು ತಂದ ನಾಲ್ಕು ವಸ್ತುಗಳ ಮೇಲೆ ಅವರಿಗಿರುವ ಜೀವವನ್ನು ಅರಿಯದಷ್ಟು ಎಳೆಯವಳು ನಾನಲ್ಲ, ಅಂಥದನ್ನು ಕೊಡಿಸುವುದು ಈ ಕಾರ್ಯಕ್ರಮದ ಉದ್ದೇಶವೂ ಅಲ್ಲ. ಆದ್ದರಿಂದ ಈ ಪತ್ರದ ಜೊತೆಗೆ ಒಂದು ಚೀಟಿ ಲಗತ್ತಿಸಿದೆ. ಕೊಡಬಾರದ ವಸ್ತುಗಳಿದ್ದರೆ ತಾವು ಅದರಲ್ಲಿ ಬರೆಯಬಹುದು. ಅವುಗಳನ್ನು ಮಗು ತಂದರೂ ನಾವು ಸ್ವೀಕರಿಸುವುದಿಲ್ಲ. ಉಳಿದವುಗಳಲ್ಲಿ ಯಾವುದನ್ನು ಕೊಡಬೇಕೆಂಬುದು ಮಗುವಿನ ಆಯ್ಕೆಯಾಗಿಯೇ ಇರುತ್ತದೆ, ಮತ್ತು ಏನನ್ನೂ ಕೊಡುವುದಿಲ್ಲ ಎಂದು ಮಗು ಹೇಳಿದರೆ ಅದೂ ಆಯ್ಕೆಯೇ. ಅಂಥವರನ್ನು ಏಕೆಂದು ಕೇಳುವುದಿಲ್ಲ, ಅಂಕವಂತೂ ಇದಕ್ಕೆ ಇಲ್ಲ. ಬೆಲೆಯುಳ್ಳದ್ದನ್ನು ಕೊಟ್ಟನೆಂದು ಬೈಯುವುದು, ಹಳೆಯದನ್ನು ಕೊಟ್ಟನೆಂದು ಹೊಗಳುವುದು ಇವೆರಡನ್ನೂ ಮನೆಯಲ್ಲಿ ತಪ್ಪಿಸಿದರೆ ನಮ್ಮ ಕೆಲಸ ಹಗುರವಾಗುತ್ತದೆ.

ಚೀಟಿಗೆ ಸಹಿ ಮಾಡಿ ಬರುವ ಶುಕ್ರವಾರದೊಳಗೆ ಮಗುವಿನ ಕೈಯಲ್ಲಿ ಕಳುಹಿಸಬೇಕೆಂದು ವಿನಂತಿ.

ಎರಡನೆಯ ತಂಡ ಅದರ ಮರುದಿನ, ಶನಿವಾರ ಬೆಳಗಿನ ಪ್ರಾರ್ಥನೆಯ ನಂತರ, ಇಬ್ಬರು ಶಿಕ್ಷಕಿಯರೊಡನೆ ನಡೆದೇ ಹೋಗಿ ಮಧ್ಯಾಹ್ನದೊಳಗೆ ಮರಳುತ್ತದೆ. ಜೊತೆಗೆ ಬರಬಯಸುವ ಪೋಷಕರು ಅಂಗನವಾಡಿಯ ಬಾಗಿಲವರೆಗೆ ಬರಬಹುದು. ಒಳಗಿನದು ಮಕ್ಕಳ ಪಾಲಿಗಿರಲಿ. ಕಪಾಟಿನಲ್ಲಿರುವ ಗೊಂಬೆಯನ್ನು ಒಯ್ಯಲು ಅಜ್ಜಿ ಮತ್ತು ಮೊಮ್ಮಗಳು ಇಬ್ಬರೂ ಸೇರಿಯೇ ಬರಬೇಕೆಂದು ಆ ಮನೆಯವರನ್ನು ಕೋರಿದ್ದೇನೆ, ಅವರೂ ಒಪ್ಪಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಹಿರಿಯ ಪ್ರಾಥಮಿಕ ಶಾಲೆ, ನವನಗರ, ಬಾಗಲಕೋಟೆ