ಭಾನುವಾರ ಸಂಜೆ 5ಕ್ಕೆ: ಸಿಸ್ಟರ್ ಸ್ಲೆಜ್ ಹಾಡುಗಳು

ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರ ಫಿಲಡೆಲ್ಫಿಯಾದ ನಾಲ್ವರು ಅಕ್ಕತಂಗಿಯರಾದ ಡೆಬ್ಬಿ, ಜೋನಿ, ಕಿಮ್, ಕ್ಯಾಥಿ ಅವರ ತಂಡದ ಹಾಡುಗಳನ್ನು ವಿಡಿಯೋ ಕಾಲ್‌ನಲ್ಲಿ ಕೇಳೋಣ. ಬರುವವರೆಲ್ಲ ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕಾಲ್‌ನಲ್ಲೇ ಹಾಡು ಹಾಕಿದರೆ ಆ್ಯಪ್ ಸಂಗೀತವನ್ನೂ ಗದ್ದಲವೆಂದು ತಿಳಿದು ಕತ್ತರಿಸುತ್ತದೆ. ಮೈಕ್ ಮ್ಯೂಟ್ ಮಾಡಿ, ನಾನು ಹೇಳಿದಾಗ ನಿಮ್ಮ ನಿಮ್ಮ ಫೋನಿನಲ್ಲೇ ಹಾಕಿ.

ಕೇಳುವ ಕ್ರಮ:
1. 1975ರ ಮೊದಲ ಆಲ್ಬಮ್ ‘ಸರ್ಕಲ್ ಆಫ್ ಲವ್’ನಿಂದ ಒಂದು ಹಾಡು. ಈ ಅಕ್ಕತಂಗಿಯರಿಗೆ ಅವರ ಅಜ್ಜಿ ಕಲಿಸಿದ ಕೂಡುದನಿ (ಹಾರ್ಮನಿ) ಇಲ್ಲೇ ಕೇಳುತ್ತದೆ.
2. 1979ರ ‘ವಿ ಆರ್ ಫ್ಯಾಮಿಲಿ’ ಆಲ್ಬಮ್‌ನ ಮೂರು: ‘ಹೀಸ್ ದ ಗ್ರೇಟೆಸ್ಟ್ ಡ್ಯಾನ್ಸರ್’, ‘ಲಾಸ್ಟ್ ಇನ್ ಮ್ಯೂಸಿಕ್’, ಶೀರ್ಷಿಕೆ ಗೀತೆ. ಹೆಚ್ಚಿನ ಸಮಯ ಇದಕ್ಕೇ.
3. 1985ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ‘ಫ್ರ್ಯಾಂಕಿ’.

ಹೆಚ್ಚು ಎಡವಟ್ಟಾಗುವುದು ಎರಡನೆಯದರಲ್ಲಿ. 1984, 1993ರ ರೀಮಿಕ್ಸ್‌ಗಳೂ ಅದೇ ಹೆಸರಲ್ಲಿ ಸಿಗುತ್ತವೆ. ಆಲ್ಬಮ್ ತೆರೆದು 1979 ಎಂದಿರುವುದನ್ನು ಖಚಿತಪಡಿಸಿಕೊಳ್ಳಿ. ಶೀರ್ಷಿಕೆ ಗೀತೆ 8 ನಿಮಿಷ ದಾಟಿರಬೇಕು. ಮೂರೂವರೆ ನಿಮಿಷದ್ದು ಸಿಂಗಲ್, ಅಂದರೆ ಬಿಡಿಯಾಗಿ ಬಂದ ಚಿಕ್ಕ ಪ್ರತಿ. ಅದರಲ್ಲಿ ಕ್ಯಾಥಿ ಬಿಡುಬೀಸಾಗಿ ಹಾಡುವ ಕೊನೆಯ ಭಾಗ ಹೆಚ್ಚೂಕಡಿಮೆ ಹೋಗಿಬಿಡುತ್ತದೆ. ಅದನ್ನು ಕೇಳದಿದ್ದರೆ ಹಾಡು ಅರ್ಧ ಕೇಳಿದಂತೆ!

ದಯವಿಟ್ಟು ಹೆಡ್‌ಫೋನ್ ಬಳಸಿ, ವೈರಿನದ್ದಾದರೆ ಒಳ್ಳೆಯದು. ಫೋನ್ ಸ್ಪೀಕರಿನಲ್ಲಿ ಬರ್ನಾರ್ಡ್ ಎಡ್ವರ್ಡ್ಸ್ ಅವರ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ, ನೈಲ್ ರಾಜರ್ಸ್ ಅವರ ಗಿಟಾರ್ ಮಾತ್ರ ಉಳಿಯುತ್ತದೆ. ‘ವಿ ಆರ್ ಫ್ಯಾಮಿಲಿ’ ಈ ಇಬ್ಬರೂ ಸೇರಿ ಕಟ್ಟಿದ ಆಲ್ಬಮ್.

ಬರುವವರು ಶುಕ್ರವಾರ ರಾತ್ರಿಯೊಳಗೆ 👍 ಹಾಕಿ, ಶೀರ್ಷಿಕೆ ಗೀತೆಯ ಅವಧಿ ಕಾಣುವ ಸ್ಕ್ರೀನ್‌ಶಾಟ್ ಇಲ್ಲೇ ಕಳಿಸಿ. ತಪ್ಪು ಪ್ರತಿ ಇದ್ದವರಿಗೆ ಶನಿವಾರ ಸರಿಯಾದ ಲಿಂಕ್ ಕೊಡುತ್ತೇನೆ.